ಫೇಬೆಲ್ಲ ಎಂಬ ಪುಟ್ಟ ಕಾಳು

ಲ್ಯಾಟಿನ್ ಭಾಷೆಯನ್ನು ಯಾವ ಪುಣ್ಯಾತ್ಮ ಹುಟ್ಟಿಸಿದನೋ, ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ. ಅರವತ್ತರ ದಶಕದ ಶುರುವಿನಲ್ಲಿ ನಾನು ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದುತ್ತಿದ್ದೆ. ಅಂಗರಚನೆ ಕಲಿಸುವ ಮೇಷ್ಟ್ರಿಗೆ ಮೂಳೆಯ ಹೆಸರು ಹೇಳಿದರೆ ಸಾಲದು, ಆ ಹೆಸರು ಎಲ್ಲಿಂದ ಬಂತು ಅಂತಲೂ ಹೇಳಬೇಕು. ಹೆಬ್ಬಾಳದ ಬೀದಿನಾಯಿಗೆ ಯಾತರ ಲ್ಯಾಟಿನ್ನು ಸ್ವಾಮಿ!

ನಾನಂತೂ ಫೇಲಾಗುವ ಹಾಗಿರಲಿಲ್ಲ. ಯಲಹಂಕದಾಚೆಯ ನಮ್ಮೂರಿಂದ ಹೊರಡುವಾಗಲೇ ಅಪ್ಪ ಹೇಳಿಬಿಟ್ಟಿದ್ದ: 'ಒಂದ್ ಸಲ ಫೇಲಾದ್ರೂ ಪೆಟ್ಟಿಗೆ ಎತ್ಕಂಡು ಬಂದ್ಬುಡು. ದನ ನೋಡ್ಕಂಡಿರು.' ಹಾಗಾಗಿ ಊಟಕ್ಕೆ ಕೂತಾಗಲೂ ಪದಗಳನ್ನು ಉರು ಹೊಡೆಯುತ್ತಿದ್ದೆ.

ಅದರಲ್ಲಿ ಹೆಚ್ಚು ತಲೆ ತಿಂದದ್ದು ಫೇಬೆಲ್ಲ. ನಾಯಿಯ ಮೊಣಕಾಲಿನ ಹಿಂದೆ, ಮೀನಖಂಡದ ಮೇಲ್ತುದಿಯಲ್ಲಿ ಹುದುಗಿರುವ ಎರಡು ಪುಟಾಣಿ ಮೂಳೆಗಳು. ಫೇಬ ಎಂದರೆ ಲ್ಯಾಟಿನ್ನಿನಲ್ಲಿ ಅವರೆಯಂಥದೊಂದು ಕಾಳು. ಆ ಪದಕ್ಕೊಂದು ಬಾಲ ಹಚ್ಚಿ ಫೇಬೆಲ್ಲ ಅಂದರೆ ಪುಟ್ಟ ಕಾಳು. ಅಷ್ಟೇ! ಇಷ್ಟು ಹೇಳೋದಕ್ಕೆ ರೋಮಿನವರೆಗೆ ಹೋಗಬೇಕಿತ್ತೇ?

ಪರೀಕ್ಷೆಗೆ ಪ್ರತಿಯೊಬ್ಬನೂ ಸತ್ತ ನಾಯಿಯೊಂದನ್ನು ಡ್ರಮ್ಮಿನಲ್ಲಿ ಬೇಯಿಸಿ, ಮೂಳೆ ಬಿಡಿಸಿ, ಒಣಗಿಸಿ ತರಬೇಕಿತ್ತು. ಆ ವಾಸನೆಗೆ ಹಾಸ್ಟೆಲಿನ ಅಡುಗೆಯವರು ನನಗೆ ಹಿಡಿಶಾಪ ಹಾಕಿದ್ದರು. ಪರೀಕ್ಷೆಯ ದಿನ ನನ್ನ ಮೂಳೆಗಳನ್ನು ಬಟ್ಟೆಯ ಮೇಲೆ ನೀಟಾಗಿ ಹರಡಿದೆ. ಮೇಷ್ಟ್ರು ಫೇಬೆಲ್ಲದ ಬಗ್ಗೆ ಕೇಳಿದರು. ಅಬ್ಬ, ಬದುಕಿದೆ ಅಂದುಕೊಂಡು ಆ ಪದದ ಕುಲಗೋತ್ರವನ್ನೆಲ್ಲ ಗಡಗಡನೆ ಒಪ್ಪಿಸಿದೆ.

'ಭೇಷ್. ಎಲ್ಲಿ, ತೋರ್ಸಿ.'

ಹುಡುಕಿದೆ. ಇಲ್ಲ. ಮತ್ತೆ ಹುಡುಕಿದೆ. ಬಟ್ಟೆಯ ಮಡಿಕೆಯನ್ನೂ ಬಿಡಿಸಿ ನೋಡಿದೆ.

'ಬೇಯ್ಸಿದ ನೀರು ಏನ್ ಮಾಡಿದ್ರಿ?'

'ಮೋರಿಗೆ ಚೆಲ್ಲಿದೆ ಸಾರ್. ತಳದಲ್ಲಿ ಒಂದೆರಡು ಕಲ್ಲಿತ್ತು, ಅದನ್ನೂ ಚೆಲ್ಲಿದೆ.'

'ಕಲ್ಲಲ್ಲ ಕಣ್ರೀ ಅದು! ಈಗ ತಾನೇ ಹಾಡಿದ್ರಲ್ಲ, ಅದೇ. ಮುಂದಿನ ವರ್ಷ ಬನ್ನಿ.'

ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರ ಮೇಲೆ ಸಿಟ್ಟು, ರೋಮಿನವರ ಮೇಲೆ ಸಿಟ್ಟು, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೇ. ಪೆಟ್ಟಿಗೆ ಹೊತ್ತು ಊರಿಗೆ ಬಂದೆ. ಅಪ್ಪ ಎಮ್ಮೆಯನ್ನು ಕೆರೆಯಿಂದ ಹೊಡೆದುಕೊಂಡು ಬರುತ್ತಿದ್ದ. ಅಲ್ಲೇ ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳಿದೆ. ಇನ್ನು ನನ್ನ ಕೆಲಸ ಇದೇ ತಾನೇ ಎಂದು ಎಮ್ಮೆಯ ಹಗ್ಗಕ್ಕೆ ಕೈ ಚಾಚಿದೆ. ಅಪ್ಪ ಹಗ್ಗ ಬಿಡಲಿಲ್ಲ.

'ನಾಳೇನೇ ವಾಪಸ್ ಓಗು. ಏನು ಎತ್ತ ಅಂತ ನೋಡ್ದಂಗೆ ಚೆಲ್ಲೋನ್ ಕೈಗೆ ನಾನು ಎಮ್ಮೆ ಕೊಡಾಕಿಲ್ಲ ಕಣ್ಲಾ.'