ಚಿಕ್ಕಮ್ಮ ಒತ್ತದೆ ಬಿಟ್ಟ ಬಟನ್ನು

ಹೋದ ತಿಂಗಳು ನಮ್ಮ ಚಿಕ್ಕಮ್ಮ ಮನೆ ಬಾಗಿಲಿಗೆ ಬಂದ ಮೂರು ಸಾವಿರದ ಇನ್ನೂರು ರೂಪಾಯಿಯನ್ನು ಬೇಡ ಅಂದರು.

ಬಾಗಿಲಿಗೆ ಅಂದರೆ ಬಾಗಿಲಿಗಲ್ಲ, ಕಂಪ್ಯೂಟರಿಗೆ. ಕೊಡಲು ಬಂದವರು ಪುಣೆಯಲ್ಲಿರುವ ಅನುಪಮಾ ಎಂಬ ಹೆಣ್ಣುಮಗಳು. ಅವರು ಕೇಳಿದ ಸಾಮಾನು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೇ ಇತ್ತು. ಬೆಲೆಯಲ್ಲಿ ತಕರಾರಿರಲಿಲ್ಲ. ಚಿಕ್ಕಮ್ಮ ಮಾಡಬೇಕಾಗಿದ್ದು ಇಷ್ಟೇ, ಪರದೆಯ ಮೇಲಿದ್ದ ‘ಅಪ್ರೂವ್’ ಎನ್ನುವ ಹಸಿರು ಬಟನ್ ಒತ್ತುವುದು. ಒತ್ತಲಿಲ್ಲ. ನಾನು ಹೇಳಿದೆ. ಒತ್ತಲಿಲ್ಲ. ಗದರಿದೆ. (ಐವತ್ತೆಂಟು ದಾಟಿದ ಚಿಕ್ಕಮ್ಮನನ್ನು ಗದರುವಷ್ಟು ದೊಡ್ಡವನಾಗಿದ್ದೇನೆ ನೋಡಿ.) ಆಗಲೂ ಒತ್ತಲಿಲ್ಲ.

ಆ ಬಟನ್ ಅಲ್ಲಿಗೆ ಬಂದಿದ್ದೇ ನನ್ನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಚಿಕ್ಕಪ್ಪನದು ಚನ್ನಪಟ್ಟಣದಲ್ಲಿ ಬೊಂಬೆ ಕೆಲಸ. ಮನೆಯ ಮುಂಭಾಗದಲ್ಲಿ ಎರಡು ಲೇತ್, ಹಿಂಭಾಗದಲ್ಲಿ ಅಡುಗೆಮನೆ, ಎರಡರ ನಡುವೆ ಸದಾ ಅರಗಿನ ವಾಸನೆ. ಅವರ ಮನೆಯ ಸಾರಿಗೂ ಒಸಿ ಅರಗಿನ ರುಚಿ ಇರುತ್ತದೆ ಅಂತ ನನಗೆ ಚಿಕ್ಕಂದಿನಿಂದ ಅನುಮಾನ. ಮಾಡಿದ್ದನ್ನೆಲ್ಲ ಹೈವೇ ಪಕ್ಕದ ಅಂಗಡಿಗಳಿಗೆ ಹಾಕುತ್ತಿದ್ದರು. ಆ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಆಟಿಕೆ ಜಾಸ್ತಿಯಾಗಿ ಮರದ ಬೊಂಬೆ ಹಿಂದಿನ ಸಾಲಿಗೆ ಹೋದಾಗ, ನೆಟ್‌ನಲ್ಲಿ ಅಂಗಡಿ ಇಡೋಣ ಅಂದವನು ನಾನು. ಬೆಂಗಳೂರಿನಲ್ಲಿ ಒಬ್ಬರಿಂದ ವೆಬ್‌ಸೈಟ್ ಮಾಡಿಸಿದೆ. ಬ್ರಾಡ್‌ಬ್ಯಾಂಡ್ ಹಾಕಿಸಿದೆ. ಚಿಕ್ಕಮ್ಮ ಕಂಪ್ಯೂಟರಿಗೆ ಹೂವಿನ ಡಿಸೈನಿನ ಬಟ್ಟೆ ಹೊಲಿದು ಹೊದಿಸಿದರು.

ಮೊದಲ ತಿಂಗಳು ಎಡವಟ್ಟಾಯಿತು. ಯಾರಾದರೂ ಆರ್ಡರ್ ಹಾಕಿದರೆ ಅವರ ಕಾರ್ಡಿನಿಂದ ದುಡ್ಡು ಆ ಕ್ಷಣವೇ ನಮಗೆ ಬಂದುಬಿಡುತ್ತಿತ್ತು. ಬೊಂಬೆ ಹಾಗೆ ಬರುತ್ತದೆಯೇ? ಮರ ಒಣಗಬೇಕು, ಕರೆಂಟ್ ಇರಬೇಕು, ಚಿಕ್ಕಪ್ಪನಿಗೆ ಮನಸ್ಸು ಬರಬೇಕು. ಚೆನ್ನೈನ ಒಬ್ಬರು, ದುಡ್ಡು ನುಂಗಿ ಕೂತಿದ್ದೀರಿ, ನಾಚಿಕೆಯಾಗುವುದಿಲ್ಲವೇ ಎಂದು ಮೇಲ್ ಬರೆದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದೆ. (ಹೇಳಬಾರದಿತ್ತು.) ಚಿಕ್ಕಪ್ಪ ಅವತ್ತು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ.

ನಾನು ಬಿಡದಿಯ ಕಡೆ ಒಂದು ಫ್ಯಾಕ್ಟರಿಯಲ್ಲಿ ಪರ್ಚೇಸ್ ವಿಭಾಗದಲ್ಲಿರುವವನು. ಈ ಅಂಕಣವನ್ನು ವಾರ ವಾರ ಓದುವ ನಿಮಗೆ ಅದು ಗೊತ್ತೇ ಇದೆ. ನಮ್ಮಲ್ಲಿ ಅಪ್ರೂವಲ್ ಇಲ್ಲದೆ ಒಂದು ಪೊರಕೆ ಕೂಡ ಗೇಟಿನೊಳಗೆ ಬರುವುದಿಲ್ಲ. ಮೂರು ಸಹಿ ಬೇಕು. ಆ ಮೂರರಲ್ಲಿ ಒಂದು ನನ್ನದು. ಓದಿ ಹಾಕುತ್ತೇನೆಯೇ ಅಂತ ಮಾತ್ರ ಕೇಳಬೇಡಿ. ಅಂಥವನಿಗೆ ತೋಚುವುದು ಇನ್ನೇನು? ವೆಬ್‌ಸೈಟಿನವರಿಗೆ ಹೇಳಿ ಇಲ್ಲೂ ಒಂದು ಅಪ್ರೂವಲ್ ಇಡಿಸಿದೆ. ಆರ್ಡರ್ ಬಂದಾಗ ಗಿರಾಕಿಯ ಕಾರ್ಡಿನಲ್ಲಿ ಅಷ್ಟು ದುಡ್ಡು ಮೀಸಲಾಗಿ ನಿಲ್ಲುತ್ತದೆ, ನಮಗೆ ಬರುವುದಿಲ್ಲ. ಸಾಮಾನು ಇದೆ ಅಂತ ನೋಡಿಕೊಂಡು ನಾವು ಬಟನ್ ಒತ್ತಿದರೆ ಬರುತ್ತದೆ. ಏಳು ದಿನ ಒತ್ತದಿದ್ದರೆ ತಾನಾಗಿ ಅವರಿಗೇ ವಾಪಸ್.

ಇದನ್ನು ಚಿಕ್ಕಮ್ಮನಿಗೆ ಹೇಗೆ ಅರ್ಥ ಮಾಡಿಸುವುದು ಅಂತ ಪೇಪರು, ಪೆನ್ನು, ಬಾಣದ ಗುರುತು ಎಲ್ಲ ಸಿದ್ಧ ಮಾಡಿಕೊಂಡು ಹೋಗಿದ್ದೆ. ಎರಡನೇ ಬಾಣ ಎಳೆಯುವಷ್ಟರಲ್ಲಿ ಅವರು, “ಬುಡು, ಗೂಡಿನ ಮಾರ್ಕೆಟ್ ಇದ್ದಂಗೆ” ಅಂದರು.

ಚಿಕ್ಕಮ್ಮನ ತವರು ರಾಮನಗರದ ಹತ್ತಿರ, ರೇಷ್ಮೆ ಬೆಳೆಯುವ ಮನೆ. “ನಮ್ಮಪ್ಪ ಗೂಡು ತಕ್ಕೊಂಡೋದಾಗ ಹರಾಜ್ ಕೂಗ್ತಾರಲ್ಲ, ಕೂಗಾದ್ ತಕ್ಷಣ ಯಾಪಾರ ಆಗ್ಬುಡ್ತದಾ? ರೈತ ಒಪ್ಬೇಕು. ಒಪ್ಪಕಿಲ್ಲ ಅಂದ್ರೆ ಇಲ್ಲ. ನೂಲ್ ತೆಗ್ಯೋ ರೀಲರ್ ಎಷ್ಟ್ ದೊಡ್ಡವ್ನೇ ಆಗ್ಲಿ, ಗೂಡು ಮುಟ್ಟಂಗಿಲ್ಲ. ಇದೂ ಅಂಗೇ. ಅವ್ರು ಕೂಗವ್ರೆ, ನಾನು ಒಪ್ಬೇಕು. ಅಷ್ಟೇ ತಾನೇ?”

ಅಷ್ಟೇ. ನನ್ನ ಪೇಪರನ್ನು ಮಡಿಸಿ ಜೇಬಿಗೆ ಇಟ್ಟುಕೊಂಡೆ.

ಅವತ್ತಿನಿಂದ ಒಪ್ಪುವ ಅಧಿಕಾರ ಚಿಕ್ಕಮ್ಮನದು. ಅದನ್ನು ಅವರು ನಡೆಸುವ ಚೆಂದ ನೀವು ನೋಡಬೇಕು. ಆರ್ಡರ್ ಬಂತು ಅಂದರೆ ಮೊದಲು ಹೋಗಿ ಬೊಂಬೆಯನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಕೆನ್ನೆಗೆ ಉಜ್ಜಿಕೊಳ್ಳುತ್ತಾರೆ, ಎಲ್ಲಾದರೂ ತರಿ ಇದೆಯಾ ಅಂತ. ಇದ್ದರೆ ಅದು ಚಿಕ್ಕಪ್ಪನ ಲೇತ್‌ಗೆ ವಾಪಸ್. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಬಟನ್ ಒತ್ತುತ್ತಾರೆ. ನಮ್ಮ ಫ್ಯಾಕ್ಟರಿಯ ಮೂರು ಸಹಿಯೂ ಸೇರಿ ಇಷ್ಟು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ.

ಹೀಗೆ ನಡೆಯುತ್ತಿದ್ದಾಗ ಬಂತು ಪುಣೆಯ ಆರ್ಡರು. ತೊಟ್ಟಿಲಿಗೆ ಕಟ್ಟುವ ಆರು ಗಿಳಿ, ಎರಡು ಗಿಲಕಿ, ಹಿಡಿದುಕೊಂಡು ನಡೆಯಲು ಕಲಿಯುವ ಮೂರು ಗಾಲಿಯ ಗಾಡಿ, ಇನ್ನೂ ಏನೇನೋ. ಇಷ್ಟು ದೊಡ್ಡ ಆರ್ಡರ್ ಅದುವರೆಗೆ ಬಂದಿರಲಿಲ್ಲ. ಕೆಳಗೆ ಒಂದು ಸಾಲು ಬರೆದಿದ್ದರು: ಮುಂದಿನ ತಿಂಗಳು ನಮ್ಮ ಮಗು ಬರುತ್ತದೆ, ಅದಕ್ಕೂ ಮೊದಲೇ ತಲುಪಿಸಿ.

ಆ ಭಾನುವಾರ ನಾನು ಅಲ್ಲೇ ಇದ್ದೆ. ಖುಷಿಯಿಂದ ಓದಿ ಹೇಳಿದೆ. ಚಿಕ್ಕಮ್ಮ ಮೌಸಿನಿಂದ ಕೈ ತೆಗೆದರು.

“ಕೂಸು ಇನ್ನೂ ಉಟ್ಟಿಲ್ವಾ?”

“ಮುಂದಿನ ತಿಂಗಳು ಹುಟ್ಟುತ್ತೆ ಚಿಕ್ಕಮ್ಮ.”

“ಅಂಗಾದ್ರೆ ಮುಂದಿನ ತಿಂಗ್ಳು ತಗಳ್ಳಿ.”

ನಿಮ್ಮ ನಾಲಿಗೆಯ ತುದಿಗೆ ಈಗ ಒಂದು ಗಾದೆ ಬಂದಿರುತ್ತದೆ. ನುಂಗಿಕೊಳ್ಳಿ. ಚಿಕ್ಕಮ್ಮನೂ ಅದನ್ನು ಹೇಳಲಿಲ್ಲ. ಹುಟ್ಟುವ ಮೊದಲು ಮಗುವಿಗೆ ಅಂತ ಏನನ್ನೂ ಮನೆಗೆ ತರಬಾರದು ಅನ್ನುವುದು ಅವರಿಗೆ ಗಾದೆಯಲ್ಲ, ನಡವಳಿಕೆ. ಅವರು ಚೊಚ್ಚಲ ಬಸುರಿಯಾಗಿದ್ದಾಗ ಏಳನೇ ತಿಂಗಳಲ್ಲಿ ಚಿಕ್ಕಪ್ಪ ಆಸೆಪಟ್ಟು ಒಂದು ಗಿಲಕಿ ಮಾಡಿ ತಂದರಂತೆ. ಅದನ್ನು ಪಕ್ಕದ ಮನೆಗೆ ಕೊಟ್ಟು ಬರುವ ತನಕ ಚಿಕ್ಕಮ್ಮ ಮಾತೇ ಆಡಲಿಲ್ಲವಂತೆ. ಊರಿನ ಮಕ್ಕಳಿಗೆಲ್ಲ ಬೊಂಬೆ ಮಾಡುವ ಮನೆಯಲ್ಲಿ ಆ ಮನೆಯ ಮಗು ಹುಟ್ಟಿದಾಗ ಆಡಲು ಒಂದು ಬೊಂಬೆ ಇರಲಿಲ್ಲ.

ನಾನು ವಾದ ಮಾಡಿದೆ. ಕೊಳ್ಳುವವರಿಗೆ ಇಲ್ಲದ ಚಿಂತೆ ಮಾರುವವರಿಗೆ ಯಾಕೆ? ಅವರ ನಂಬಿಕೆ ಅವರಿಗೆ, ನಿಮ್ಮದು ನಿಮಗೆ. ಬೇಕಾದರೆ ಚಿಕ್ಕಪ್ಪನನ್ನೇ ಕೇಳಿ. ಕೇಳಿದೆವು. ಅವರಾಗಲೇ ಆರನೇ ಗಿಳಿಗೆ ಹಸಿರು ಅರಗು ಹಿಡಿಯುತ್ತಿದ್ದರು. ಐದೇ ಸಿದ್ಧ ಇದ್ದವಂತೆ. “ಮಾಡೋದು ನನ್ ಕೆಲ್ಸ, ಒಪ್ಪೋದು ಅವ್ಳ್ ಕೆಲ್ಸ” ಅಂದು ಮತ್ತೆ ಲೇತ್ ಹಾಕಿದರು. ಮೂವತ್ತೈದು ವರ್ಷದ ಸಂಸಾರ ಹೇಗೆ ನಡೆದಿದೆ ಅನ್ನುವುದು ನನಗೆ ಆಗ ತಿಳಿಯಿತು.

“ಏಳು ದಿನ ಆದ್ರೆ ಆರ್ಡರ್ ಹೋಗ್ಬಿಡುತ್ತೆ ಚಿಕ್ಕಮ್ಮ.”

“ಓಗ್ಲಿ ಬುಡು ಮಗಾ. ಯಾರ್ದೋ ಒಟ್ಟೇಲಿರೋ ಕೂಸಿನ್ ಮ್ಯಾಲೆ ನಾನು ದುಡ್ ಎಣಿಸ್ಲಾ?”

ಮುಖ ಊದಿಸಿಕೊಂಡು ರಾಮನಗರದ ನನ್ನ ಮನೆಗೆ ಬಸ್ ಹತ್ತಿದೆ. ಮೂಢನಂಬಿಕೆ, ಇವರಿಂದ ವ್ಯಾಪಾರ ಆದ ಹಾಗೇ ಅಂತ ದಾರಿಯುದ್ದಕ್ಕೂ ಗೊಣಗಿದೆ. ಪಕ್ಕದಲ್ಲಿ ಕೂತಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಐದನೇ ದಿನ ಅನುಪಮಾ ಅವರ ಮೇಲ್ ಬಂತು. ಚೆನ್ನೈನವರ ಹಾಗೆ ಬೈಗುಳವಿರಲಿಲ್ಲ. ನನ್ನ ಆರ್ಡರ್ ಇನ್ನೂ ಅಪ್ರೂವ್ ಆಗಿಲ್ಲ ಅಂತ ತೋರಿಸುತ್ತಿದೆ, ಏನಾದರೂ ತೊಂದರೆಯೇ ಅಂತ ಒಂದೇ ಪ್ರಶ್ನೆ, ಕೆಳಗೆ ಫೋನ್ ನಂಬರ್. ಚಿಕ್ಕಮ್ಮನಿಗೆ ಹೇಳಿದೆ. “ನಾನೇ ಮಾತಾಡ್ತೀನಿ, ಬಾ” ಅಂದರು. ಆರನೇ ದಿನ ಡ್ಯೂಟಿ ಮುಗಿಸಿ ಸೀದಾ ಚನ್ನಪಟ್ಟಣಕ್ಕೆ ಹೋದೆ. ಮೊಬೈಲನ್ನು ಕಿವಿಗಿಟ್ಟುಕೊಳ್ಳುವುದು ಚಿಕ್ಕಮ್ಮನಿಗೆ ಆಗಿಬರುವುದಿಲ್ಲ. ಲೌಡ್‌ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

ಆ ಕಡೆಯಿಂದ ಹುಬ್ಬಳ್ಳಿಯ ಕನ್ನಡ ಬಂತು. ಪುಣೆಗೆ ಕೊಟ್ಟ ಹೆಣ್ಣುಮಗಳಂತೆ. ಚಿಕ್ಕಮ್ಮನಿಗೆ ಅರ್ಧ ಧೈರ್ಯ ಅಲ್ಲೇ ಬಂತು. ಏನೂ ಸುತ್ತಿಬಳಸದೆ ವಿಷಯ ಹೇಳಿದರು. ಉಟ್ಟಿದ್ ದಿನ ಒಂದ್ ಫೋನ್ ಮಾಡವ್ವ, ಎಲ್ಲಾ ತಯಾರೈತೆ, ಅವತ್ತೇ ಕಳುಸ್ತೀನಿ, ಮುಂಚೆ ಮಾತ್ರ ಬೇಡ.

 

“ಹೋದ ಸಲ ಎಲ್ಲಾ ಮುಂಚೇನ ತಂದಿಟ್ಟಿದ್ವಿರಿ” ಅಂದರು ಅನುಪಮಾ. “ತೊಟ್ಟಿಲಾ, ಕೂಸಿಗೆ ಹಾಕೋ ಅರಬಿ, ಎಲ್ಲಾ. ಕೂಸು ಉಳೀಲಿಲ್ರಿ.”

ಚಿಕ್ಕಮ್ಮ ಮೇಜಿನ ಅಂಚು ಹಿಡಿದುಕೊಂಡರು.

“ಈ ಸಲ ಮನ್ಯಾಗ ಯಾರೂ ಕೂಸಿನ ಮಾತ ಎತ್ತಂಗಿಲ್ರಿ. ಎಲ್ಲಾರಿಗೂ ಹೆದರಿಕಿ. ಅತ್ತಿ ಬ್ಯಾಡ ಅಂತಾರ, ನಮ್ಮವರೂ ಬ್ಯಾಡ ಅಂತಾರ. ಎಂಟು ತಿಂಗಳಾತು, ಬರೇ ಬ್ಯಾಡ ಅನ್ನೋದನ್ನ ಕೇಳೇನ್ರಿ. ಯಾರರ ಒಬ್ಬರು ಹೂಂ ಅನ್ಲಿ ಅಂತ ನಿಮ್ಮಲ್ಲೆ ಆರ್ಡರ್ ಹಾಕಿದ್ನಿ. ದಿನಾ ತಗದು ನೋಡ್ತೇನ್ರಿ, ಅಪ್ರೂವ್ ಆತೇನು ಅಂತ.”

ಐದು ದಿನ ನಾನು ಆ ಬಟನ್ ಬಗ್ಗೆ ವ್ಯಾಪಾರದ ಮಾತಾಡಿದ್ದೆ. ಚಿಕ್ಕಮ್ಮ ಶಾಸ್ತ್ರದ ಮಾತಾಡಿದ್ದರು. ಪುಣೆಯಲ್ಲಿ ಒಬ್ಬಳು ಹೆಣ್ಣುಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಅದನ್ನು ಒತ್ತುವವರಿದ್ದಾರೆಯೇ ಅಂತ ಕಾಯುತ್ತಿದ್ದಳು. ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ.

“ನಾನ್ ಬೇಡ ಅಂದಿದ್ದು ಬೊಂಬೆಗೆ ಕಣವ್ವ” ಅಂದರು ಚಿಕ್ಕಮ್ಮ. ದನಿ ಸಣ್ಣಗಾಗಿತ್ತು. “ಕೂಸಿಗೆ ಯಾರಾದ್ರೂ ಬೇಡ ಅಂತಾರಾ? ಒಸಿ ತಡಿ.”

ತಡಿ ಅಂದವರು ಎಲ್ಲಿಗೂ ಹೋಗಲಿಲ್ಲ. ಕೂತಲ್ಲೇ ಕೂತು ಪರದೆಯನ್ನು ನೋಡಿದರು. ಒಳಗೆ ಲೇತ್ ನಿಂತಿತ್ತು. ಚಿಕ್ಕಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡಂತೆ ನನಗೆ ಕಾಣಲಿಲ್ಲ. ಆದರೂ ಏನೋ ಮಾತಾಗಿರಬೇಕು.

“ನೋಡವ್ವ, ಇಂಗ್ ಮಾಡ್ತೀನಿ. ದುಡ್ಡು ಈಗ್ಲೇ ತಗತೀನಿ. ಬೊಂಬೆ ನಿಂದೇ ಆಯ್ತು. ಆದ್ರೆ ನಿನ್ ಮನೆಗ್ ಕಳ್ಸಕಿಲ್ಲ. ಅವು ಇಲ್ಲೇ, ನನ್ ಮನೇಲಿ ಇರ್ತವೆ. ನಿನ್ ಕೂಸಿನ್ವು ಅಂತ ಎತ್ತಿಡ್ತೀನಿ, ಬೇರೆ ಯಾರ್ಗೂ ಕೊಡಕಿಲ್ಲ. ಕೂಸು ಬಂತು ಅಂತ ಫೋನ್ ಮಾಡು, ಅವತ್ತೇ ಒಂಟೋಯ್ತವೆ. ನಿಮ್ಮತ್ತೆ ಮಾತೂ ಉಳೀತು, ನಿನ್ ಮಾತೂ ಉಳೀತು. ಆಯ್ತಾ?”

ಆ ಕಡೆ ಅಳುವೋ ನಗುವೋ, ಲೌಡ್‌ಸ್ಪೀಕರಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತದೆ. “ಹೂನ್ರಿ” ಅಂದಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಟನ್ ಒತ್ತಿದರು.

ಸರಿಯಾಗಿ ನೋಡಿದರೆ ಆ ಒಂದು ಒತ್ತಿನಲ್ಲಿ ಅವರು ಎರಡು ಕಟ್ಟಳೆ ಮುರಿದರು. ಸಾಮಾನು ಕಳಿಸಲು ಸಿದ್ಧವಿಲ್ಲದೆ ದುಡ್ಡು ಮುಟ್ಟಬಾರದು ಅನ್ನುವುದು ನನ್ನದು. ಅದಕ್ಕೇ ತಾನೇ ನಾನು ಆ ಅಪ್ರೂವಲ್ ಇಡಿಸಿದ್ದು? ಹುಟ್ಟದ ಮಗುವಿಗೆ ಮಾರಬಾರದು ಅನ್ನುವುದು ಅವರದು. ನನ್ನದನ್ನು ಅವರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ತಮ್ಮದನ್ನು ಮುರಿಯಲು ಅವರಿಗೆ ಎಷ್ಟು ಕಷ್ಟವಾಯಿತು ಅನ್ನುವುದು ಒತ್ತಿದ ಮೇಲೂ ಮೌಸಿನಿಂದ ತೆಗೆಯದ ಕೈಯಲ್ಲಿ ಗೊತ್ತಾಗುತ್ತಿತ್ತು. ನನಗೆ ಅವರ ಮೇಲೆ ಇಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಹೇಳಲಿಲ್ಲ. ಚಿಕ್ಕಮ್ಮನ ಮುಂದೆ ಅಂಥದ್ದನ್ನೆಲ್ಲ ಹೇಳಿದರೆ, “ಕಾಪಿ ಬೇಕಾ?” ಅಂತ ಕೇಳುತ್ತಾರೆ.

ಇದೆಲ್ಲ ಆಗಿ ನಾಲ್ಕು ವಾರವಾಯಿತು. ಅನುಪಮಾ ಅವರ ಬೊಂಬೆಗಳ ಪೆಟ್ಟಿಗೆ ಬೀರುವಿನ ಮೇಲಿದೆ. ಹೋದ ವಾರ ಹೈವೇ ಅಂಗಡಿಯವರೊಬ್ಬರು ಬಂದು ತೊಟ್ಟಿಲ ಗಿಳಿ ಇದ್ದರೆ ಕೊಡಿ, ಗಿರಾಕಿ ಕಾರಲ್ಲಿ ಕಾಯುತ್ತಿದ್ದಾರೆ ಅಂದರಂತೆ. ಇಲ್ಲ ಅಂದರಂತೆ ಚಿಕ್ಕಮ್ಮ, ಕಾಣುವ ಹಾಗೆ ಅಷ್ಟು ದೊಡ್ಡ ಪೆಟ್ಟಿಗೆ ಮೇಲಿರುವಾಗಲೇ. ಚಿಕ್ಕಪ್ಪ ಯಾರಿಗೂ ಹೇಳದೆ ಅದರೊಳಗೆ ಏಳನೆಯ ಗಿಳಿಯೊಂದನ್ನು ಸೇರಿಸಿದ್ದಾರೆ. ಕೇಳಿದರೆ ಮರ ಉಳಿದಿತ್ತು ಅನ್ನುತ್ತಾರೆ.

ಡಾಕ್ಟರು ಕೊಟ್ಟ ದಿನ ಮೊನ್ನೆ ಗುರುವಾರಕ್ಕೆ ಮುಗಿಯಿತು. ಇದನ್ನು ಬರೆಯುವ ಹೊತ್ತಿಗೆ ಪುಣೆಯಿಂದ ಇನ್ನೂ ಫೋನ್ ಬಂದಿಲ್ಲ. ನಾನು ಡ್ಯೂಟಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಮೊಬೈಲ್ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿ ಚಿಕ್ಕಮ್ಮ ಬೆಳಗ್ಗೆ ಎದ್ದವರೇ ನನಗೆ ಫೋನ್ ಮಾಡಿ “ಬಂತಾ?” ಅಂತಾರೆ. ಇಲ್ಲ ಅಂದರೆ, “ಒಂದ್ ವಾರ ಇಂದೆ ಮುಂದೆ ಆಯ್ತದೆ, ಎದ್ರಬೇಡ” ಅಂತ ನನಗೇ ಧೈರ್ಯ ಹೇಳಿ ಇಡುತ್ತಾರೆ. ಆ ಧೈರ್ಯ ಯಾರಿಗೆ ಹೇಳಿಕೊಳ್ಳುತ್ತಿರುವುದು ಅಂತ ನನಗೆ ಗೊತ್ತು.

ನನಗಂತೂ ಭಯವಿಲ್ಲ. ಚನ್ನಪಟ್ಟಣದಲ್ಲಿ ಚಿಕ್ಕಮ್ಮ ಹೂಂ ಅಂದಾಗಿದೆ. ಇನ್ನು ಆ ಕೂಸು ಬೇಡ ಅನ್ನುತ್ತದೆಯೇ?