ಮೂರು ಎಂಜಿನ್ನುಗಳ ಮುಂದೆ ಅವ್ವನ ಮಳವಳ್ಳಿ

ಸ್ವಲ್ಪ ತಡೆಯಿರಿ, ಬೆರಳಲ್ಲಿ ತಳ್ಳಿ ಮುಂದಕ್ಕೆ ಹೋಗಿಬಿಡಬೇಡಿ. ಮಳವಳ್ಳಿ ಎನ್ನುವ ಇಡೀ ಊರು ಒಂದು ಕಂಪ್ಯೂಟರಿನ ಕಣ್ಣಿಗೆ ಎರಡು ತುಂಡಾಗಿ ಕಂಡ ವಿಷಯ ಮುಂದೆ ಬರುತ್ತದೆ. ಅಲ್ಲಿವರೆಗಾದರೂ ಇರಿ.

ನಾನು ಭಾರತೀನಗರದಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಬೋರ್ಡಿನಲ್ಲಿ ಹಾಗೆ ಬರೆದಿದ್ದರೂ ನಮ್ಮೆಲ್ಲರ ಬಾಯಲ್ಲಿ ಅದು ದೊಡ್ಡಿ. ಕೋಡಿಂಗ್ ನನಗೆ ಯಾರೂ ಹೇಳಿಕೊಟ್ಟಿಲ್ಲ. ಫೋನಿನಲ್ಲಿ ವಿಡಿಯೊ ನೋಡುವುದು, ಬರೆಯುವುದು, ಕೆಟ್ಟರೆ ಯಾಕೆ ಕೆಟ್ಟಿತು ಎಂದು ಕೂತು ನೋಡುವುದು, ಅಷ್ಟೇ ನನ್ನ ಕ್ಲಾಸು. ಅವ್ವ ಮಳವಳ್ಳಿಯ ಒಂದು ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ಹೋಗುವುದು ಬರುವುದು ಬಸ್ಸಿನಲ್ಲೇ. ಕಬ್ಬು ಅರೆಯುವ ತಿಂಗಳುಗಳಲ್ಲಿ ನಮ್ಮ ರಸ್ತೆಯ ಬಸ್ಸು ಯಾವಾಗ ಬರುತ್ತದೆ ಎಂದು ಡ್ರೈವರಿಗೂ ಗೊತ್ತಿರುವುದಿಲ್ಲ. ಫ್ಯಾಕ್ಟರಿ ಮುಂದೆ ಕಬ್ಬಿನ ಲಾರಿ, ಟ್ರ್ಯಾಕ್ಟರುಗಳು ಸಾಲುಗಟ್ಟಿದರೆ ಕತೆ ಮುಗಿಯಿತು.

ಅದಕ್ಕೇ ನಾನೊಂದು ವೆಬ್ ಪುಟ ಮಾಡಿದೆ. ಬಸ್ಸಿನಲ್ಲಿ ಕೂತವರು ‘ಮಳವಳ್ಳಿ ಬಸ್ಸು ಬಿಡ್ತು’ ಎಂದು ಒಂದು ಸಾಲು ಟೈಪ್ ಮಾಡಿದರೆ, ಮುಂದಿನ ಸ್ಟಾಪುಗಳಲ್ಲಿ ಕಾಯುವವರಿಗೆ ಅದು ಕಾಣಬೇಕು. ಸರ್ವರ್ ಹೊಂದಿಸಿಕೊಟ್ಟವನು ಮಾವನ ಮಗ. ಅವನು ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ಅದನ್ನು ನಮಗೆ ಮರೆಯಲು ಬಿಡುವುದಿಲ್ಲ.

ಸಾಲಿನಿಂದ ಊರಿನ ಹೆಸರನ್ನು ಆರಿಸುವುದು ರೆಜೆಕ್ಸಿನ ಕೆಲಸ. ರೆಜೆಕ್ಸ್ ಅಂದರೆ ಹುಡುಕುವುದಕ್ಕೆಂದು ಬರೆದುಕೊಡುವ ಪುಟ್ಟ ಅಚ್ಚು. ಅಕ್ಷರಗಳು ಎಲ್ಲಿಯವರೆಗೆ ಒಟ್ಟಾಗಿ ಬರುತ್ತವೋ ಅಲ್ಲಿಯವರೆಗೆ ಒಂದು ಪದ, ಅದು ಊರೋ ಅಲ್ಲವೋ ನೋಡು, ಇದು ನನ್ನ ಅಚ್ಚು. ಅಚ್ಚನ್ನು ಓದಿ ಹುಡುಕಿಕೊಡುವ ಪ್ರೋಗ್ರಾಮಿಗೆ ಎಂಜಿನ್ ಅನ್ನುತ್ತಾರೆ. ಊರು ಸಿಗದಿದ್ದರೆ ತೋರಿಸಲೆಂದು ನಾನೇ ಒಂದು ವಾಕ್ಯ ಬರೆದಿಟ್ಟಿದ್ದೆ: ‘ಊರಿನ ಹೆಸರು ಸರಿಯಾಗಿ ಬರೆಯಿರಿ.’

ಮೊದಲ ದಿನ ಸಂಜೆ ಅವ್ವ ಬಸ್ಸಿನಲ್ಲಿ ಕೂತು ಟೈಪ್ ಮಾಡಿದಳು. ಸರಿಯಾಗಿ ಬರೆಯಿರಿ ಅಂತು. ಮತ್ತೆ ಮಾಡಿದಳು, ಮತ್ತೆ ಅದೇ. ಪಕ್ಕದಲ್ಲಿ ಕೂತಿದ್ದ ಹೆಂಗಸರು ಬಗ್ಗಿ ನೋಡುತ್ತಿದ್ದರಂತೆ. ಮನೆಗೆ ಬಂದವಳು ಫೋನನ್ನು ಟಿವಿ ಪಕ್ಕ ಇಟ್ಟು, “ನಂಗೆ ಬರಕಿಲ್ಲ ಬುಡು, ನಾನ್ ಓದಿರೋದೇ ಏಳನೇ ಕ್ಲಾಸು” ಅಂದಳು. ಅವಳು ಕಳಿಸಿದ್ದ ಸಾಲನ್ನು ತೆಗೆದು ನೋಡಿದೆ. ಒಂದು ಒತ್ತು ಕೂಡ ತಪ್ಪಿರಲಿಲ್ಲ.

ಮಾವನ ಮಗನಿಗೆ ಫೋನ್ ಮಾಡಿದೆ. ಅವನು ಎರಡು ಸ್ಕ್ರೀನ್‌ಶಾಟ್ ಕಳಿಸಿದ. ಒಂದರಲ್ಲಿ ಅವನ ಲ್ಯಾಪ್‌ಟಾಪಿನಲ್ಲಿ ಮಳವಳ್ಳಿ ಇಡಿಯಾಗಿ ಸಿಕ್ಕಿದೆ. ಇನ್ನೊಂದರಲ್ಲಿ ಸರ್ವರಿನಲ್ಲಿ ‘ನಗರ’ ಎಂಬ ಪದ ಇಡಿಯಾಗಿ ಸಿಕ್ಕಿದೆ.

“ಎಲ್ಡೂ ಕಡೆ ಬತ್ತಾ ಅದೆ ಕಣಮ್ಮಿ,” ಅಂದ. “ಅತ್ತೆಗೇ ಟೈಪ್ ಮಾಡಕ್ ಬರಲ್ಲ. ಇಂಗ್ಲಿಷ್ ಅಕ್ಸರದಲ್ಲಿ ಒಡಿಯಕ್ ಏಳು, ತಲೆನೋವೇ ಇರಲ್ಲ.”

ನನಗೆ ಸಿಟ್ಟು ನೆತ್ತಿಗೇರಿದ್ದು ಇಂಗ್ಲಿಷ್ ಅಂದಿದ್ದಕ್ಕಲ್ಲ. ಯಂತ್ರವೂ ಅವ್ವನಿಗೇ ಸರಿಯಾಗಿ ಬರಿ ಅಂತು, ಇವನೂ ಅವಳಿಗೇ ಬರಲ್ಲ ಅಂದ. ಅವಳೂ ಅದನ್ನೇ ನಂಬಿ ಕೂತಿದ್ದಳಲ್ಲ, ಅದಕ್ಕೆ. ತಪ್ಪು ಅವಳದ್ದಲ್ಲ ಎಂದು ಇವನಿಗೆ ತೋರಿಸದೆ ಬಿಡುವುದಿಲ್ಲ ಎಂದು ಕೂತೆ.

ಇವನು ಒಂದು ಕಡೆ ಒಂದು ಪದ, ಇನ್ನೊಂದು ಕಡೆ ಬೇರೆ ಪದ ಹಾಕಿ ಎರಡೂ ಸರಿ ಅಂದಿದ್ದ. ಅದು ಟೆಸ್ಟೇ ಅಲ್ಲ. ಅದೇ ಅಚ್ಚು, ಅದೇ ಪದವನ್ನು ಎಲ್ಲ ಕಡೆಯೂ ಹಾಕಿದೆ. ಅವನ ಲ್ಯಾಪ್‌ಟಾಪಿನ ಎಂಜಿನ್ನನ್ನು ನಾನೂ ಇಳಿಸಿಕೊಂಡು ನೋಡಿದೆ, ಅದು ಮಳವಳ್ಳಿಯನ್ನು ಇಡಿಯಾಗಿ ಕೊಟ್ಟಿತು. ಸರ್ವರಿನದು ‘ಮಳವಳ’ ಒಂದು ತುಂಡು, ‘ಳ’ ಇನ್ನೊಂದು ತುಂಡು ಮಾಡಿತು. ನನ್ನ ಫೋನಿನ ಬ್ರೌಸರಿನದು ಏನೂ ಸಿಗಲಿಲ್ಲ ಅಂತು, ಕನ್ನಡ ಎಂಬುದೊಂದು ಇದೆ ಎಂದು ಕೇಳಿಯೇ ಇಲ್ಲದ ಹಾಗೆ. ಮದ್ದೂರು ಹಾಕಿದೆ. ಸರ್ವರಿನಲ್ಲಿ ‘ಮದ’, ‘ದ’, ‘ರ’ ಆಯಿತು. ಮಂಡ್ಯ ‘ಮ’, ‘ಡ’, ‘ಯ’ ಆಯಿತು. ವೈದ್ಯನಾಥಪುರವನ್ನಂತೂ ಕೇಳಲೇಬೇಡಿ.

ಸರ್ವರಿನ ಎಂಜಿನ್ನಿನ ಲೆಕ್ಕದಲ್ಲಿ ಬರೀ ಮ, ದ, ರ ಇವು ಮಾತ್ರ ಅಕ್ಷರ. ಕೊಂಬು, ಗುಡಿಸು, ಸೊನ್ನೆ, ಒತ್ತು ಕೊಡುವ ಗುರುತು, ಇವು ಯಾವುವೂ ಅಕ್ಷರವಲ್ಲ. ಅವು ಬಂದಲ್ಲೆಲ್ಲ ಪದ ಮುಗಿಯಿತು ಎಂದು ಕತ್ತರಿಸುತ್ತದೆ. ‘ನಗರ’ದಲ್ಲಿ ಇವು ಒಂದೂ ಇಲ್ಲ. ಮಾವನ ಮಗ ಹುಡುಕಿ ಹುಡುಕಿ ಅಂಥದ್ದೇ ಪದ ಹಾಕಿದ್ದ.

ಕೋಡಿಂಗ್ ಮಾಡುವವರ ಒಂದು ಗುಂಪಿನಲ್ಲಿ ಇದನ್ನು ಹಾಕಿದೆ. ಇದು ಅಪರೂಪದ ಪ್ರಕರಣ, ತಲೆ ಕೆಡಿಸಿಕೊಳ್ಳಬೇಡಿ ಎಂದು ಯಾರೋ ಉತ್ತರ ಕೊಟ್ಟರು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನೇತಾಡಿಕೊಂಡು ಮದ್ದೂರಿಗೆ ಹೋಗುವಷ್ಟು ಜನ ಅಪರೂಪ ನೋಡಿ ನಾವು. ತಲೆ ಕೆಡಿಸಿಕೊಂಡೇ ಮುಂದುವರಿದೆ.

ಒಂದು ಟೆಸ್ಟ್ ಪುಟ ಕಟ್ಟಿದೆ. ಒಂದು ಸಾಲು ಕೊಟ್ಟರೆ ಅದು ಮೂರು ಎಂಜಿನ್ನುಗಳಿಗೂ ಹೋಗುತ್ತದೆ. ಮೂವರೂ ಊರನ್ನು ಇಡಿಯಾಗಿ ಕೊಟ್ಟರೆ ಹಸಿರು, ಒಬ್ಬರು ತಪ್ಪಿದರೂ ಕೆಂಪು. ಸಾಲುಗಳನ್ನು ನಾನು ಕಲ್ಪಿಸಿಕೊಂಡು ಬರೆಯಲಿಲ್ಲ. ಕಾಲೇಜಿನ ಹುಡುಗಿಯರ ಹತ್ತಿರ, ಬಸ್ಸಿನವರ ಹತ್ತಿರ ಅವರವರ ಫೋನಿನಲ್ಲೇ ಬರೆಸಿದೆ. ‘ಮದ್ದೂರ್ ಬಸ್ಸು ಒಂಟೋಯ್ತು’ ಎಂದು ಬರೆದರು, ‘ನಿಡಘಟ್ಟದ ತಾವ ಜಾಮ್ ಆಗದೆ’ ಎಂದು ಬರೆದರು. ಒಂದನ್ನೂ ತಿದ್ದಲಿಲ್ಲ. ಜನ ಬರೆಯುವ ಹಾಗೆ ಎಂಜಿನ್ನು ಓದಬೇಕು.

ಪುಟದ ತುಂಬ ಕೆಂಪು ಬಂತು. ಅಚ್ಚನ್ನು ಬದಲಿಸಿದೆ. ಯಾವುದು ಅಕ್ಷರ, ಯಾವುದಲ್ಲ ಎಂದು ಎಂಜಿನ್ನನ್ನು ಕೇಳುವುದೇ ಬಿಟ್ಟೆ. ಕಂಪ್ಯೂಟರಿನಲ್ಲಿ ಕನ್ನಡಕ್ಕೆಂದೇ ಒಂದು ಜಾಗ ಕೊಟ್ಟಿದ್ದಾರೆ, ಆ ಜಾಗದ ಮೊದಲಿನಿಂದ ಕೊನೆಯವರೆಗೆ ಯಾವ ಗುರುತು ಬಂದರೂ ಪದದ ಒಳಗೇ ಸೇರಿಸು ಎಂದು ಬರೆದೆ. ಕೆಂಪು ಒಂದೊಂದೇ ಸಾಲಾಗಿ ಹಸಿರಾಯಿತು. ಫೋನು, ಸರ್ವರು, ಲ್ಯಾಪ್‌ಟಾಪು ಮೂರೂ ಮಳವಳ್ಳಿಯನ್ನು ಮಳವಳ್ಳಿ ಅಂದವು.

ಭಾನುವಾರ ಮಾವನ ಮಗ ಮನೆಗೆ ಬಂದಾಗ ಹಳೇ ಅಚ್ಚು ಹಾಕಿ ಊರುಗಳು ಚೂರಾಗುವುದನ್ನು ತೋರಿಸಿದೆ. ತನಗೆ ಗೊತ್ತಿರುವ ಊರುಗಳನ್ನೆಲ್ಲ ಅವನೇ ಹೊಡೆದು ನೋಡಿದ. ಅವನ ಕಾಲೇಜಿರುವ ಮಂಡ್ಯವೂ ಉಳಿಯಲಿಲ್ಲ.

“ಅಲ್ಲಿಗೆ ನಂದೇನ್ ತಪ್ಪಿಲ್ವಲ್ಲ,” ಅಂದ.

“ಅವ್ವಂದೂ ಇಲ್ಲ ಕಣ್ಲಾ. ಅದ್ನ ಅವ್ವಂಗೆ ನೀನೇ ಏಳು.”

ಅವ್ವ ಹೊಲಿಗೆ ಬಿಚ್ಚುತ್ತಾ ಕೂತಿದ್ದಳು. ಅವನು ತಲೆ ಕೆರೆದುಕೊಂಡು ಅತ್ತೆ, ಮಿಷಿನ್ನಿಗೆ ಗುಡಿಸು ಕೊಂಬು ಗೊತ್ತಾಗುತ್ತಿರಲಿಲ್ಲವಂತೆ, ನೀವು ಬರೆದದ್ದು ಸರಿಯಾಗಿತ್ತು ಅಂದ. ಅವ್ವ ದಾರವನ್ನು ಹಲ್ಲಲ್ಲಿ ಕಡಿದಳು. “ಅಂಗಾರೆ ಸರ್ಯಾಗಿ ಬರಿ ಅಂತ ನಂಗೆ ಏಳಿದ್ ಯಾರು?”

ಅವನು ನನ್ನ ಕಡೆ ನೋಡಿದ. ಆ ವಾಕ್ಯವನ್ನು ಅವತ್ತೇ ಅಳಿಸಿದೆ. ಈಗ ಊರು ಸಿಗದಿದ್ದರೆ ಪುಟ ಹೀಗನ್ನುತ್ತದೆ: ‘ನೀವು ಬರೆದದ್ದು ನಮ್ಮ ಪುಟಕ್ಕೆ ಅರ್ಥವಾಗಲಿಲ್ಲ. ನಾವು ಸರಿಮಾಡಿಕೊಳ್ಳುತ್ತೇವೆ.’ ಮಾವನ ಮಗ ಇದು ತೀರಾ ಉದ್ದವಾಯಿತು ಅಂದ. ಆಗಲಿ.

ಮಾರನೇ ದಿನ ಸಂಜೆ ಕಾಲೇಜಿನ ಮುಂದೆ ನಿಂತು ಪುಟ ತೆಗೆದುಕೊಂಡಿದ್ದೆ. ಮೇಲೆ ಹೊಸ ಸಾಲು ಬಂತು. ‘ಮಳವಳ್ಳಿ ಬಸ್ಸು ಬಿಡ್ತು, ಇಂದ್ಗಡೆ ಸೀಟದೆ.’ ಅವ್ವ ಮತ್ತೆ ಬರೆದಿದ್ದಳು, ಕನ್ನಡದಲ್ಲೇ.

ಟೆಸ್ಟ್ ಪುಟದಲ್ಲಿ ಇನ್ನೂ ಒಂದಿಷ್ಟು ಕೆಂಪು ಇದೆ. ಕೆಲವು ಕೀಬೋರ್ಡುಗಳು ಪದದ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸುತ್ತವೆ, ಅಲ್ಲಿ ನನ್ನ ಹೊಸ ಅಚ್ಚೂ ಮುಗ್ಗರಿಸುತ್ತದೆ. ಆ ಕೆಂಪನ್ನು ಮುಚ್ಚಿಟ್ಟಿಲ್ಲ, ಅಲ್ಲೇ ಬಿಟ್ಟಿದ್ದೇನೆ. ನೀವು ಸರಿಯಾಗೇ ಬರೆದರೂ ಯಾವುದಾದರೂ ಆ್ಯಪು, ಯಾವುದಾದರೂ ಪುಟ ನಿಮಗೇ ತಪ್ಪು ಅಂದಿದ್ದರೆ, ಯಾವ ಪದಕ್ಕೆ, ಎಂಥ ಫೋನಿನಲ್ಲಿ ಹಾಗಾಯಿತು ಎಂದು ಕೆಳಗೆ ಬರೆಯಿರಿ. ನಿಮ್ಮ ಊರಿನವರು ಮಾತಾಡುವ ಹಾಗೇ ಬರೆಯಿರಿ, ತಿದ್ದಬೇಡಿ.