ಮೋಟಾರು ಯಾರದು ಎಂದು ಕೇಳಿದ ಅಕ್ಕೋರು

ಅಕ್ಕೋರ ಬಲಗೈ ಹೆಬ್ಬೆರಳಿಗೆ ಅರ್ಧ ಉಗುರೇ ಇರಲಿಲ್ಲ. ಚಿಕ್ಕವರಿದ್ದಾಗ ಅವರಪ್ಪನ ಹಿಟ್ಟಿನ ಗಿರಣಿಯ ಬೆಲ್ಟಿಗೆ ಬೆರಳು ಸಿಕ್ಕಿತ್ತಂತೆ. ರಾಯಬಾಗದ ಕಾಲೇಜಿನಲ್ಲಿ ನಮ್ಮ ಮೊದಲ ಕಾಮರ್ಸ್ ತರಗತಿಗೆ ಬಂದವರು ಪುಸ್ತಕ ತೆಗೆಯಲೇ ಇಲ್ಲ, ಆ ಬೆರಳನ್ನು ಎತ್ತಿ ತೋರಿಸಿದರು.

"ಇದು ಒಬ್ಬನ ಮಾಲ್ಕಿ. ಲಾಭ ನಮ್ಮಪ್ಪಂದು, ಲುಕ್ಸಾನ ನಮ್ಮಪ್ಪಂದು. ಉಗುರು ಅಷ್ಟ ನಂದು."

ಸೈನ್ಸಿಗೆ ಅಂಕ ಸಾಲದೆ ಮುಖ ಊದಿಸಿಕೊಂಡು ಕಾಮರ್ಸ್ ಸೇರಿದವಳು ನಾನು. ಅಂದು ಎಲ್ಲರ ಜತೆ ನಾನೂ ನಕ್ಕೆ. ಆಮೇಲೆ ಅವರ ತರಗತಿ ಒಂದನ್ನೂ ತಪ್ಪಿಸಲಿಲ್ಲ.

ಅವರಿಗೊಂದು ಚಟವಿತ್ತು. ಕಣ್ಣಿಗೆ ಬಿದ್ದದ್ದನ್ನೆಲ್ಲ ತೋರಿಸಿ "ಯಾರದವಾ ಇದು?" ಎಂದು ಕೇಳುವುದು. ಒಮ್ಮೆ ನಮ್ಮನ್ನು ಕುಡಚಿಗೆ ಕರೆದೊಯ್ದರು. ರೈಲು ಸರ್ಕಾರದ್ದು, ಬಜಾರಿನ ತಾಡಪತ್ರಿ ಅಂಗಡಿ ಒಬ್ಬ ಚಾಚಾನದು, ಅದರ ಪಕ್ಕದ ಚಪ್ಪಲಿ ಅಂಗಡಿ ಅಥಣಿಯಿಂದ ಬಂದ ಅಣ್ಣತಮ್ಮರ ಪಾಲುದಾರಿಕೆ. ಕಬ್ಬಿನ ಟ್ರ್ಯಾಕ್ಟರು ಹೋಗುತ್ತಿದ್ದ ಕಾರ್ಖಾನೆಗಳಲ್ಲಿ ಒಂದು ರೈತರ ಸಹಕಾರಿ, ಇನ್ನೊಂದು ಕಂಪನಿಯದು. ಯಾರೋ ಜಾಣ "ರೈಲು ಸರ್ಕಾರದ್ರಿ" ಎಂದರೆ ಬಿಡುತ್ತಿರಲಿಲ್ಲ. "ಸರ್ಕಾರ ಅಂದ್ರ ಯಾರಪಾ? ನೀ ಅದರಾಗ ಇಲ್ಲೇನು?" ಎಂದು ಕಾಡುತ್ತಿದ್ದರು. ಮಿರ್ಚಿ ಭಜಿ ಕೊಡಿಸಿ, ತಿನ್ನುವಾಗಲೂ ಗಾಡಿ ಯಾರದು ಎಂದು ಕೇಳಿದ್ದು ಮಾತ್ರ ಅತಿಯಾಯಿತು ಎಂದು ಈಗಲೂ ನನ್ನ ಅಭಿಪ್ರಾಯ.

ಆ ಪಾಠ ನಮ್ಮ ಮನೆ ಬಾಗಿಲಿಗೇ ಬಂತು. ನಮ್ಮದು ದಿಗ್ಗೇವಾಡಿ. ಕೃಷ್ಣೆಯ ದಂಡೆಯಿಂದ ಹೊಲಗಳಿಗೆ ನೀರೆತ್ತಲು ನಮ್ಮಪ್ಪ, ದೊಡ್ಡಪ್ಪ ಮತ್ತು ನೆರೆಯ ಎರಡು ಮನೆಯವರು ಸೇರಿ ಮೋಟಾರು ಕೂಡಿಸಿ ಪೈಪು ಹಾಕಿಸಿದ್ದರು. ಕರೆಂಟಿನ ಮೀಟರು ಯಾರ ಹೆಸರಿಗೆ ಎಂಬ ಮಾತು ಬಂದಾಗ ಅಪ್ಪ, "ಅಣ್ಣನ ಹೆಸರಿಗಿ ಇರ್ಲಿ ಬಿಡ್ರಿ. ಹಿರ್ಯಾ ಇದ್ದಾಗ ನಾವ್ಯಾಕ?" ಎಂದ. ಉಳಿದವರೂ ಹೂಂ ಎಂದರು. ಹಿರಿಯರಿಗೆ ಮರ್ಯಾದೆ ಕೊಡುವುದರಲ್ಲಿ ನಮ್ಮವರು ಹಿಂದೆ ಬೀಳುವವರಲ್ಲ.

ದೊಡ್ಡಪ್ಪ ತೀರಿಕೊಂಡ ಮೇಲೆ ಅವನ ಮಗ, ನಮ್ಮ ಅಣ್ಣ, ಮೋಟಾರು ತನ್ನದೆಂದ. ತನ್ನ ಕಬ್ಬಿಗೆ ಸಾಕಾಗಿ ಉಳಿದರೆ ನಮಗೆ ನೀರು. ನಮ್ಮ ಹೊಲವೋ ಪೈಪಿನ ಕಟ್ಟಕಡೆಗೆ. ಆ ವರ್ಷ ಅರ್ಧ ಕಬ್ಬು ನಿಂತಲ್ಲೇ ಒಣಗಿತು. ಕೋರ್ಟಿಗೆ ಹೋಗುವ ಮಾತು ಎದ್ದಾಗ ನಾನು ಅಕ್ಕೋರನ್ನು ಕರೆತಂದೆ. ಅಣ್ಣನೂ ಅವರ ಹಳೆಯ ವಿದ್ಯಾರ್ಥಿಯೇ.

"ಮೀಟರ ನಮ್ಮಪ್ಪನ ಹೆಸರಿಗಿ ಐತ್ರಿ ಅಕ್ಕೋರ. ಅಂದಮ್ಯಾಲ ಮಾಲಕ ನಾನ. ನೀವ ಕಲಿಸೀರಿ."

"ಕಲಿಸೇನಿ. ನೀ ಅರ್ಧಾ ಕಲ್ತಿ. ಹೊಳಿ ಏರಿದ ದಿನ ಮೋಟಾರ ಎತ್ತಾಕ ಯಾರನ್ನ ಕರೀತಿ?"

"ಆಳ ಹಚ್ಚತೇನ್ರಿ."

ಅಕ್ಕೋರು ಚಹಾ ಕುಡಿದು ಎದ್ದುಹೋದರು. ನನಗೆ ಸಿಟ್ಟೇ ಬಂತು, ಇಷ್ಟಕ್ಕೇ ಇವರನ್ನು ಕರೆದೆನಲ್ಲ ಎಂದು.

ಮಳೆಗಾಲದಲ್ಲಿ ಹೊಳೆ ಏರಿತು. ಅಂಥ ದಿನ ದಂಡೆಯುದ್ದಕ್ಕೂ ಎಲ್ಲರೂ ತಮ್ಮ ತಮ್ಮ ಮೋಟಾರು ಮೇಲೆಳೆಯುತ್ತಿರುತ್ತಾರೆ. ಕೆಸರಿಗೆ ಟ್ರ್ಯಾಕ್ಟರು ಇಳಿಯುವುದಿಲ್ಲ, ಮೈಯೇ ಬೇಕು. ಅಣ್ಣನಿಗೆ ಒಬ್ಬ ಆಳೂ ಸಿಗಲಿಲ್ಲ. ಅವನು ಒಬ್ಬನೇ ಹಗ್ಗ ಹಿಡಿದು ನಿಂತಿರುವುದು ನಮ್ಮ ಹೊಲದಿಂದ ಕಾಣುತ್ತಿತ್ತು. "ಮುಳುಗ್ಲಿ ಬಿಡ್ರಿ. ಮಾಲಕ ಅವನ ಅಲ್ಲೇನು?" ಎಂದಳು ಅವ್ವ. ಅಪ್ಪ ಹೊರಡಲೂ ಆರ, ಕೂರಲೂ ಆರ. ನಾನು ಅಕ್ಕೋರಿಗೆ ಫೋನು ಹಚ್ಚಿದೆ. ಅವ್ವ ಹೇಳಿದ್ದೇ ಸರಿ ಎನ್ನುತ್ತಾರೆಂದು ನನ್ನ ಲೆಕ್ಕ.

"ಮೋಟಾರ ಮುಳುಗಿದ್ರ ಒಣಗೂದು ಯಾರ ಹೊಲಾ? ಮೊದಲ ಎತ್ರಿ. ಜಗಳ ಆಮ್ಯಾಲ ಮಾಡೂನಂತ."

ಅಪ್ಪ ಧೋತರ ಮೇಲೆ ಕಟ್ಟಿ ಇಳಿದ. ಹಿಂದೆ ನಾವು, ನಮ್ಮ ಹಿಂದೆ ನೆರೆಮನೆಯವರು. ಅಣ್ಣ ಹಗ್ಗದ ತುದಿಯನ್ನು ಅಪ್ಪನ ಕೈಗೆ ಕೊಟ್ಟ. ಮೋಟಾರು ಮೇಲೆ ಬರುವಾಗ ನೀರು ನಮ್ಮ ಸೊಂಟಕ್ಕಿತ್ತು.

ಹೊಳೆ ಇಳಿದ ಮೇಲೆ ಅಣ್ಣನೇ ರಾಯಬಾಗಕ್ಕೆ ಹೋಗಿ ಅಕ್ಕೋರನ್ನು ಕರೆತಂದ. ಅವರು ಸಹಕಾರಿ ಸಂಘ ಮಾಡಿಸಿದರು. ನಾಲ್ಕು ಮನೆ ಸಾಲದೆಂದು ಪೈಪಿನ ದಾರಿಯ ಸಣ್ಣ ರೈತರನ್ನೂ ಕುರಿ ಸಾಕುವ ಮನೆಯವರನ್ನೂ ಸೇರಿಸಿಕೊಂಡೆವು. ಹೊಲ ಎಷ್ಟೇ ಇರಲಿ, ಮತ ಹಾಕಲು ಒಬ್ಬರಿಗೆ ಒಂದೇ ಕೈ. ನೀರು ಕಟ್ಟಕಡೆಯ ಹೊಲದಿಂದ ಶುರುವಾಗಲಿ ಎಂದು ಅವ್ವ ಕೇಳಿದಾಗ ಗದ್ದಲವೆದ್ದಿತು, ಎಲ್ಲರೂ ಅಕ್ಕೋರ ಮುಖ ನೋಡಿದರು. "ನಂದ ಹೊಲ ಇಲ್ಲ, ನನಗ ಕೈನೂ ಇಲ್ಲ. ನಿಮ್ಮ ಸಂಘ, ನೀವ ಹೇಳ್ರಿ" ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ಒಳಗೆ ಕೈಗಳು ಎದ್ದವು. ಅಣ್ಣನದು ಕೊನೆಗೆ ಎದ್ದಿತು, ಆದರೆ ಎದ್ದಿತು.

ಹೋದ ಬೇಸಿಗೆಯಲ್ಲಿ ಅಕ್ಕೋರು ತೀರಿಕೊಂಡರು. ಸುದ್ದಿ ಬಂದ ದಿನ ನೀರಿನ ಸರದಿ ನಮ್ಮದಿತ್ತು. ಬಿಟ್ಟರೆ ಮತ್ತೆ ಬರುವ ಹೊತ್ತಿಗೆ ಕಬ್ಬು ಬಾಡುತ್ತಿತ್ತು. ಅಪ್ಪ ಏನೂ ತೋಚದೆ ಅಂಗಳದಲ್ಲಿ ನಿಂತಿದ್ದ. ಅಣ್ಣ ಸಲಿಕೆ ಹಿಡಿದುಕೊಂಡೇ ಬಂದ.

"ಕಾಕಾ, ನೀವೆಲ್ಲಾರೂ ಮಣ್ಣಿಗಿ ಹೋಗಿಬರ್ರಿ. ನೀರ ನಾ ಹಾಯಸ್ತೇನಿ."

"ನಿನಗೂ ಅಕ್ಕೋರಲ್ಲೇನೋ ಅಣ್ಣಾ, ನೀನೂ ಬಾ" ಎಂದೆ.

"ಎಲ್ಲಾರೂ ಮೋಟಾರ ಬಿಟ್ಟು ಬಂದ್ರ ಅವರ ಬೈತಾರ. ನಡಿ ತಂಗಿ."

ರಾಯಬಾಗದಲ್ಲಿ ಮಣ್ಣು ಕೊಟ್ಟು ಮರಳುವಾಗ ಸಂಜೆಯಾಗಿತ್ತು. ಮನೆಗೆ ಹೋಗದೆ ಸೀದಾ ಹೊಲಕ್ಕೆ ಬಂದೆ. ಮೂಲೆಮೂಲೆಯೂ ನೆನೆದಿತ್ತು. ಅಣ್ಣ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬದುವಿನ ಮೇಲಿದ್ದ.

"ನನ್ನ ಹೆಸರ್ಲೆ ಒಂದ ಹಿಡಿ ಮಣ್ಣ ಹಾಕಿದೇನು?"

"ಹಾಕೇನಿ."

ನಮ್ಮ ನಂತರದ ಸರದಿ ಕುರಿ ಸಾಕುವವರದು. ಅವರು ರಾಯಬಾಗದಿಂದ ಇನ್ನೂ ಬಂದಿರಲಿಲ್ಲ. ಅಣ್ಣ ಮತ್ತೆ ಸಲಿಕೆ ಎತ್ತಿ ನೀರನ್ನು ಅವರ ಹೊಲಕ್ಕೆ ತಿರುಗಿಸಿದ.